ಕವಿಶಿಷ್ಯ ಪಂಜೆಯವರ ಬಾಲಸಾಹಿತ್ಯ

ಕಾವ್ಯದ ಪ್ರಯೋಜನವನ್ನು ಹೇಳುವಲ್ಲಿ ನಮ್ಮ ಆಲಂಕಾರಿಕರು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ವೇದವು ಪ್ರಭುವಿನಂತೆ ಆಜ್ಞಾಪಿಸುವುದು. ಪುರಾಣೇತಿಹಾಸಗಳು ಮಿತ್ರನಂತೆ ತಿಳಿಯಹೇಳುವುವು. ಕಾವ್ಯವು ಕಾಂತೆಯಂತೆ ಒಲಿಸಿ ಒಪ್ಪಿಸುವುದು. ಮಮ್ಮಟನ ಈ ವಿಭಾಗವು ಪ್ರೌಢನಾದ ಸಹೃದಯನನ್ನು ಮುಂದಿಟ್ಟುಕೊಂಡು ಹೊರಟುದು. ಅಕ್ಷರವನ್ನು ಇನ್ನೂ ತಿದ್ದದ ಕೂಸಿಗೆ ಹೇಳತಕ್ಕ ಮಾತು ಈ ಮೂರರಲ್ಲಿ ಯಾವುದಕ್ಕೆ ಸೇರುವುದೆಂಬುದನ್ನು ಅಲ್ಲಿ ವಿಚಾರಿಸಿಲ್ಲ. ವಿಷ್ಣುಶರ್ಮನು ಮೂವರು ರಾಜಕುಮಾರರಿಗಾಗಿ ಪಂಚತಂತ್ರವನ್ನು ಹೇಳಿದನೆಂಬ ಕಥೆಯಿದ್ದರೂ ಅವನ ಗುರಿ ನೀತಿ. ಕತೆಯು ಅದಕ್ಕೆ ಸಾಧನ. ನಾರಾಯಣನ ಹಿತೋಪದೇಶವೂ ಅದೇ ಹಾದಿಯದು. ಇದರಿಂದ ಎರಡು ಭಾವನೆಗಳು ನಮ್ಮಲ್ಲಿ ಬೇರೂರಿದುವು. ಮಕ್ಕಳ ಸಾಹಿತ್ಯವೆಂದರೆ ಬೆಲ್ಲದಲ್ಲಿ ತೇದು ಕೊಡುವ ಔಷಧವೆಂಬುದು ಒಂದು. ಅಂತಹ ಬರೆವಣಿಗೆ ವಿದ್ವಾಂಸನಾದವನಿಗೆ ತಕ್ಕ ಕೆಲಸವಲ್ಲವೆಂಬುದು ಇನ್ನೊಂದು. ಈ ಎರಡನ್ನೂ ತಮ್ಮ ಬಾಳಿನಿಂದಲೂ ಬರೆಹದಿಂದಲೂ ನಿರಾಕರಿಸಿದವರು ಪಂಜೆ ಮಂಗೇಶರಾಯರು.

ರಾಯರು 1874ರ ಫೆಬ್ರುವರಿ 22ರಂದು ದಕ್ಷಿಣ ಕನ್ನಡದ ಬಂಟವಾಳದಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ, ನೆರೆಯ ಮಾತು ತುಳು, ವಿದ್ಯೆಯ ಮಾತು ಕನ್ನಡ. ಈ ಮೂರರ ನಡುವೆ ಬೆಳೆದುದು ಅವರ ಸಾಹಿತ್ಯವನ್ನು ತಿಳಿಯುವುದಕ್ಕೆ ಮುಖ್ಯವಾದ ಸಂಗತಿ. ಮಂಗಳೂರಿನ ಸರಕಾರೀ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದು, ತರುವಾಯ ಶಾಲೆಗಳ ಇನ್‌ಸ್ಪೆಕ್ಟರಿಕೆಗೆ ಸೇರಿ ಊರೂರು ತಿರುಗಿದರು. ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಆದರು. ಬೆನೆಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರಲ್ಲಿ ಬಂದ ‘ನನ್ನ ಚಿಕ್ಕ ತಾಯಿ’ಯನ್ನು ಕನ್ನಡದ ಮೊದಲ ಸಣ್ಣ ಕತೆಗಳಲ್ಲಿ ಎಣಿಸುವರು. ಕಿಟ್ಟೆಲ್ಲರು 1872ರಲ್ಲಿ ಹೊರತಂದ ಶಬ್ದಮಣಿದರ್ಪಣವನ್ನು ಮುಂದೆ ಬಾಸೆಲ್ ಮಿಶನ್ನಿನವರಿಗಾಗಿ ಮತ್ತೆ ಪರಿಷ್ಕರಿಸಿದವರೂ ಇವರೇ. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ಈ ಜೀವನಕ್ರಮದಲ್ಲಿ ಒಂದು ವಿಷಯವು ಎದ್ದು ಕಾಣುವುದು. ಕೇಶಿರಾಜನ ಸೂತ್ರಗಳನ್ನು ಪಾಠಾಂತರಗಳೊಡನೆ ತೂಗಿನೋಡಿದ ಕೈಯೇ ಹಾವಿಗೂ ಇಲಿಗೂ ಕರಡಿಗೂ ಹಾಡು ಕತೆಗಳನ್ನು ಕಟ್ಟಿತು. ಒಂದು ಪಾಂಡಿತ್ಯ, ಇನ್ನೊಂದು ವಿನೋದವೆಂದು ಅನೇಕರು ಬಗೆದಿರುವರು. ಈ ಎಣಿಕೆಯು ಸರಿಯಲ್ಲ. ಪಂಜೆಯವರ ಬಾಲಗೀತಗಳಲ್ಲಿ ಪಾಂಡಿತ್ಯವು ಮರೆಯಾಗಿದೆಯೇ ಹೊರತು ಇಲ್ಲವಾಗಿಲ್ಲ. ಅವರ ವ್ಯಾಕರಣಜ್ಞಾನವು ಅತ್ಯಂತ ಸಾರ್ಥಕವಾದುದು ಅಲ್ಲಿಯೇ ಎಂದು ಹೇಳಬೇಕಾಗಿದೆ.

‘ಹಾವಿನ ಹಾಡ’ನ್ನು ಪರೀಕ್ಷಿಸುವುದರಿಂದ ಇದು ಸ್ಪಷ್ಟವಾಗುವುದು. ಪದ್ಯಗಳು ನಾಲ್ಕೇ. ನಡೆಯು ನಾಲ್ಕು ಮಾತ್ರೆಯ ಗಣಗಳದು. ತೊಟ್ಟಿಲು ತೂಗುವವರಿಗೂ ಚಪ್ಪಾಳೆ ತಟ್ಟುವವರಿಗೂ ಒಪ್ಪುವ ಲಯ. ಪ್ರತಿ ಪದ್ಯದ ಕೊನೆಯ ಸಾಲು ಒಂದೇ ಒಂದು ಗುರ್ವಕ್ಷರದ ಆವೃತ್ತಿಯಿಂದ ತುಂಬಿದೆ. ಅರ್ಥವುಳ್ಳ ಒಂದೇ ಅಕ್ಷರದ ಮಾತುಗಳು ಕನ್ನಡದಲ್ಲಿ ಎಷ್ಟೋ ಇರುವುವು. ಮಗುವು ಮೊದಲು ಆಡುವುದೂ ಅವನ್ನೇ. ಈ ಸಾಲುಗಳನ್ನು ಹಾಡುವುದಕ್ಕೆ ಓದು ಬರಬೇಕಾಗಿಲ್ಲ, ಬಾಯಿ ಬಂದರೆ ಸಾಕು.

ಇನ್ನು ಪ್ರಾಸದ ವಿಚಾರ. ಪ್ರಾಚೀನ ಕನ್ನಡ ಕವಿಗಳಿಗೆ ದ್ವಿತೀಯಾಕ್ಷರಪ್ರಾಸವು ಬಿಡಲಾಗದ ಕಟ್ಟಳೆಯಾಗಿದ್ದಿತು. ಪಂಜೆಯವರ ಶಿಷ್ಯರೇ ಆದ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಕಟ್ಟಳೆಯನ್ನು ಮುರಿದರು; ಅದರಿಂದ ನವೋದಯ ಕಾವ್ಯಕ್ಕೆ ದಾರಿ ತೆರೆಯಿತು. ಗುರುಗಳಾದರೋ ಅದನ್ನು ಮಕ್ಕಳ ಹಾಡಿನಲ್ಲಿ ಉಳಿಸಿಕೊಂಡಿರುವರು. ಮೊದಲ ಪದ್ಯದಲ್ಲಿ ಗಕಾರ, ಎರಡನೆಯದರಲ್ಲಿ ಳಕಾರ, ಮೂರನೆಯದರಲ್ಲಿ ಲಕಾರ, ನಾಲ್ಕನೆಯದರಲ್ಲಿ ರಕಾರ ಪ್ರಾಸಸ್ಥಾನದಲ್ಲಿ ನಿಂತಿವೆ. ಛಂದಃಶಾಸ್ತ್ರದ ಷಟ್ಪ್ರಾಸಗಳ ಹೆಸರಿನಿಂದ ಹೇಳುವುದಾದರೆ, ದೀರ್ಘಪೂರ್ವಕವಾದ ಮೊದಲನೆಯದು ಗಜಪ್ರಾಸ. ಹ್ರಸ್ವಪೂರ್ವಕವಾದ ಉಳಿದ ಮೂರು ಸಿಂಹಪ್ರಾಸ. ಹಾಡುವ ಮಗುವಿಗೆ ಈ ಆನೆ ಸಿಂಹಗಳ ಸುದ್ದಿ ತಿಳಿಯಬೇಕಾಗಿಲ್ಲ. ಆದರೆ ಳಕಾರದ ಪದ್ಯದ ಬೆನ್ನಿಗೇ ಲಕಾರದ ಪದ್ಯವು ಬರುವುದನ್ನು ವಿಮರ್ಶಕನು ಗಮನಿಸಬೇಕು. ಈ ಎರಡು ಅಕ್ಷರಗಳ ಉಚ್ಚಾರಭೇದದಲ್ಲಿ ಎಡವದ ಕೂಸಿಲ್ಲ. ಲಳಗಳ ವಿವೇಚನೆಗೆ ಕೇಶಿರಾಜನು ಎಷ್ಟು ಎಚ್ಚರ ವಹಿಸಿರುವನೆಂಬುದು ಶಬ್ದಮಣಿದರ್ಪಣವನ್ನು ಓದಿದವರಿಗೆ ಗೊತ್ತು. ಕವಿಯು ಇದನ್ನು ಉದ್ದೇಶಿಸಿಯೇ ಹೀಗೆ ಜೋಡಿಸಿದರೋ, ಅಥವಾ ಕಿವಿಯ ಸಂಸ್ಕಾರದಿಂದ ತಾನಾಗಿಯೇ ಬಂದಿತೋ, ಎರಡೂ ಸಂಭವನೀಯ. ಫಲವಂತೂ ಒಂದೇ: ಉಪಾಧ್ಯಾಯನ ಬೆತ್ತವಿಲ್ಲದೆ ನಾಲಗೆ ತಿದ್ದಿಕೊಳ್ಳುವುದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡವನ್ನು ಕಲಿಯುವ ಮಕ್ಕಳ ನಾಡಿನಲ್ಲಿ ಇದು ಸಣ್ಣ ಉಪಕಾರವಲ್ಲ.

ಭಾವದ ಕ್ರಮವೂ ಹೀಗೆಯೇ ನಿಯತವಾಗಿದೆ. ಮೊದಲು ಮಗುವು ಕೈಮುಗಿದು ಹಾಲಿನ ಆಸೆ ತೋರಿಸಿ ಹಾವನ್ನು ಕರೆಯುವುದು. ಎರಡನೆಯ ಪದ್ಯದಲ್ಲಿ ಹೆಡೆ ಬಿಚ್ಚಿದ ಅದರ ಚೆಲುವಿಗಾಗಿ ಹಂಬಲಿಸಿ ಕೊಳಲೂದುವುದು. ಮೂರನೆಯದರಲ್ಲಿ ತಲೆಯ ಮೇಲಿನ ರತ್ನದ ಸುದ್ದಿ ನಿಜವೇ ಎಂದು ಕೇಳಿ ಚಿನ್ನವನ್ನು ಬೇಡುವುದು. ಬೇಡುವುದು ತನಗಲ್ಲ, ಬಡವರಿಗೆ. ನಾಲ್ಕನೆಯದರಲ್ಲಿ ತಣ್ಣನೆಯ ಮೈಯ ಒಳಗಿನ ಬಿಸಿಯಾದ ಹಗೆಯನ್ನು ನೆನೆದು, ನಮಸ್ಕಾರ ಮಾಡಿಯೇ ಹೋಗೆನ್ನುವುದು. ಭಕ್ತಿ, ವಿಸ್ಮಯ, ಆಸೆ, ಭಯ ಎಂಬ ನಾಲ್ಕು ಭಾವಗಳು ನಾಲ್ಕು ಪದ್ಯಗಳಲ್ಲಿ ಒಂದಾದ ಮೇಲೊಂದು ಬಂದು ಹೋಗುವುವು. ಇಲ್ಲಿ ನೀತಿವಾಕ್ಯವಿಲ್ಲ. ದುಷ್ಟಸಂಗವನ್ನು ಬಿಡಬೇಕೆಂಬ ಮಾತನ್ನು ಕಡೆಗೆ ಅಂಟಿಸುವುದು ಸುಲಭವಾಗಿದ್ದಿತು. ಪಂಜೆಯವರು ಹಾಗೆ ಮಾಡಲಿಲ್ಲ. ಅಪಾಯದ ಮುಂದೆ ನಿಂತ ಮಗುವಿನ ಮನಸ್ಸು ಹೇಗೆ ಚಲಿಸುವುದೋ ಹಾಗೆ ಹಾಡು ಚಲಿಸಿದೆ.

ನಾಡಿಗೆಲ್ಲ ಸಲ್ಲುವ ಹಾಡೋ ಅಲ್ಲವೋ ಎಂಬುದನ್ನು ಅದು ಹುಟ್ಟಿದ ನೆಲದಿಂದ ದೂರ ಒಯ್ದು ಪರೀಕ್ಷಿಸಬೇಕು. 1956ಕ್ಕೆ ಮೊದಲು ಮಂಗಳೂರು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಮಡಿಕೇರಿ ಕೊಡಗು ಪ್ರಾಂತದ್ದು. ಜಗಳೂರು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯದು. 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿದ ಈ ಜಗಳೂರು ಸೀಮೆಯು ಕಡಲಿಗೆ ದೂರ, ಮಳೆಗೆ ಬಡವು. ಜೋಳ ರಾಗಿಗಳ ಬಯಲು. ಕರಾವಳಿಯ ಕವಿಗೆ ಇದಕ್ಕಿಂತ ಕಠಿನವಾದ ನಿಕಷವಿಲ್ಲ.

‘ಹಾವಿನ ಹಾಡು’ ಇಲ್ಲಿ ಅಯತ್ನವಾಗಿ ಸಲ್ಲುವುದು. ನಾಗರಪಂಚಮಿಗೆ ತಾಯಂದಿರು ಹುತ್ತಕ್ಕೆ ಹಾಲೆರೆಯುವುದನ್ನು ಬಯಲುಸೀಮೆಯ ಮಗುವೂ ಕಂಡಿದೆ. ಹೊಲದ ಬದುವಿನಲ್ಲಿ ಹಾವಿಗೆ ಹೆದರಿಯೂ ಇದೆ. ಪೂಜ್ಯವೂ ಭಯಂಕರವೂ ಆದ ಆ ಪ್ರಾಣಿಯ ವಿಷಯದಲ್ಲಿ ಮಂಗಳೂರಿಗೂ ಜಗಳೂರಿಗೂ ಭೇದವಿಲ್ಲ. ‘ಹುತ್ತರಿ ಹಾಡು’ ಕೊಡಗಿನ ಬೆಟ್ಟ ಹೊಳೆಗಳನ್ನೂ ಅಲ್ಲಿನ ವೀರರನ್ನೂ ಕುರಿತದ್ದು. ಆ ಕಾಡನ್ನು ಬಯಲಿನ ಮಗುವು ಕಾಣದು. ಆದರೂ ಹೊಸ ಪೈರನ್ನು ಮನೆಗೆ ತರುವ ಸಂಭ್ರಮವು ಒಕ್ಕಲಮಕ್ಕಳಿಗೆ ಹೊಸತಲ್ಲವಾದುದರಿಂದ, ಪರಿಚಿತವಾದ ಭಾವದ ಬಾಗಿಲಿನಿಂದ ಅಪರಿಚಿತವಾದ ದೇಶವು ಒಳಗೆ ಬರುವುದು. ಕೊಡವರಲ್ಲದ ಕವಿಯೊಬ್ಬರು ಬರೆದ ಈ ಹಾಡನ್ನು ಕೊಡಗಿನವರು ತಮ್ಮದೆಂದು ಎತ್ತಿಕೊಂಡಿರುವುದೇ ಅದರ ಯೋಗ್ಯತೆಗೆ ಸಾಕ್ಷಿ.

‘ತೆಂಕಣ ಗಾಳಿಯಾಟ’ದ ವಿಷಯದಲ್ಲಿ ಇದೇ ಮಾತನ್ನು ಹೇಳುವಂತಿಲ್ಲ. ಕಡಲ ಕಡೆಯಿಂದ ಬೀಸುವ ಗಾಳಿಯ ರಭಸವನ್ನು ಶಬ್ದದಿಂದಲೇ ಕಟ್ಟಿಕೊಡುವ ಅದರ ಶಕ್ತಿ ಅಸಾಧಾರಣವಾದುದು. ಕೇಳುವವನ ಕಿವಿಯಲ್ಲಿ ಗಾಳಿಯೇ ಬೀಸುವುದು. ಆದರೆ ಅಲ್ಲಿನ ಹಳೆಯ ಕ್ರಿಯಾರೂಪಗಳೂ ಬಿಗಿದ ಸಂಧಿಗಳೂ ಎಳೆಯರಿಗೆ ತೊಡಕಾಗುವುವು. ಕಡಲನ್ನು ಕಾಣದ ಮಗುವು ಶಬ್ದದಿಂದ ವಸ್ತುವನ್ನು ಊಹಿಸಬೇಕು. ಶಬ್ದವೇ ಹಳೆಯದಾದರೆ ಎರಡೂ ಕೈತಪ್ಪುವುವು. ‘ಹಾವಿನ ಹಾಡ’ಲ್ಲಿಯೂ ಹಳೆಯ ರೂಪಗಳು ಇಲ್ಲದಿಲ್ಲ, ಅವು ಒಂದೆರಡಾಗಿ ಲಯದಲ್ಲಿ ಕರಗಿರುವುವು. ವೈಯಾಕರಣನ ಪ್ರೀತಿಯು ಬಾಲಕನ ಅಗತ್ಯವನ್ನು ಮೀರಿದ ಎಡೆಗಳು ಪಂಜೆಯವರಲ್ಲಿ ಕೆಲವುಂಟು. ಇದನ್ನು ದೋಷವೆಂದೇ ಒಪ್ಪಬೇಕು.

ಗದ್ಯದಲ್ಲಿ ಈ ದೋಷವು ತೀರ ಕಡಿಮೆ. ‘ಮೂರು ಕರಡಿಗಳು’ ಇಂಗ್ಲಿಷಿನಿಂದ ಬಂದ ಕತೆಯಾದರೂ ಕನ್ನಡದ ಕಾಡಿನಲ್ಲಿಯೇ ಹುಟ್ಟಿದಂತಿದೆ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬುದು ಮೀನು ಒಣಗಿಸುವ ಕರಾವಳಿಯ ಬಾಳಿನಿಂದ ಎತ್ತಿಕೊಂಡದ್ದು. ಒಂದು ಪ್ರಶ್ನೆಗೆ ಬಂದ ಉತ್ತರವೇ ಮತ್ತೊಂದು ಪ್ರಶ್ನೆಯಾಗಿ, ತಪ್ಪು ಒಬ್ಬರಿಂದೊಬ್ಬರಿಗೆ ದಾಟುತ್ತ ಹೋಗುವುದು ಅದರ ಕ್ರಮ. ಆಲಂಕಾರಿಕರು ಕಾರಣಮಾಲೆಯೆಂದು ಲಕ್ಷಣ ಹೇಳಿ ಶ್ಲೋಕಗಳಲ್ಲಿ ಉದಾಹರಿಸುವುದು ಇಲ್ಲಿ ಅಜ್ಜಿಯ ಕತೆಯಲ್ಲಿ ಸಿದ್ಧವಾಗಿದೆ. ಸಿಗಡಿಯನ್ನು ಕಾಣದ ಜಗಳೂರಿನ ಮಗುವೂ ಈ ಕತೆಯಲ್ಲಿ ತೊಡಕನ್ನು ಕಾಣದು. ಏಕೆಂದರೆ ಏಕೆ ಏಕೆ ಎಂದು ಬೆನ್ನುಹತ್ತಿ ಕೇಳುವುದು ಎಲ್ಲ ಮಕ್ಕಳ ಸ್ವಭಾವ.

ಸ್ವಲ್ಪ ಬೆಳೆದ ಮಕ್ಕಳಿಗಾಗಿ ಪಂಜೆಯವರು ಕೊಟ್ಟ ಮುಖ್ಯ ಗ್ರಂಥ 1924ರ ‘ಕೋಟಿ ಚೆನ್ನಯ’. ತುಳುನಾಡಿನ ಪಾಡ್ದನಗಳಲ್ಲಿ ಹಾಡಿಕೊಂಡು ಬಂದ ಅವಳಿ ಬಿಲ್ಲವ ವೀರರ ಚರಿತ್ರೆಯಿದು. ಪಡುಮಲೆಯಲ್ಲಿ ಬೆಳೆದು, ಅನ್ಯಾಯಕ್ಕೆ ತಲೆಬಾಗದೆ ಊರು ಬಿಟ್ಟು, ಎಣ್ಮೂರಿನ ಯುದ್ಧದಲ್ಲಿ ಮಡಿದ ಅಣ್ಣತಮ್ಮಂದಿರ ಕತೆ. ಪಾಡ್ದನದ ರಾಗವು ಗದ್ಯದಲ್ಲಿ ಬರಲಾರದು. ಆ ನಷ್ಟವನ್ನು ಯಾರೂ ತುಂಬಲಾರರು. ಆದರೆ ಲಾಭವು ದೊಡ್ಡದು. ಅರಸುಕುಮಾರರ ಕತೆಗಳನ್ನೇ ಓದಿಸುತ್ತಿದ್ದ ಕಾಲದಲ್ಲಿ ಶೇಂದಿಯಿಳಿಸುವ ಕುಲದ ಇಬ್ಬರು ತರುಣರನ್ನು ಕನ್ನಡದ ಎಳೆಯ ಓದುಗರ ಮುಂದೆ ನಾಯಕರನ್ನಾಗಿ ನಿಲ್ಲಿಸಿದರು. ಧೀರೋದಾತ್ತನು ಸದ್ವಂಶಜನಾಗಿರಬೇಕೆಂಬ ಲಕ್ಷಣಗ್ರಂಥಗಳ ಮಾತಿಗೆ ಇದು ವಿರೋಧ; ಲೋಕಕ್ಕೆ ಸಮ್ಮತ. ಸಾವಿನಲ್ಲಿ ಮುಗಿಯುವ ಕತೆಯನ್ನು ಎಳೆಯರಿಂದ ಮರೆಮಾಡದಿರುವುದೂ ಗಮನಾರ್ಹ.

ಪಂಜೆಯವರಿಂದ ಮಹಾಕಾವ್ಯವೊಂದು ಬರಲಿಲ್ಲ, ಶಕ್ತಿಯೆಲ್ಲವೂ ಪಾಠಪುಸ್ತಕಗಳಲ್ಲಿ ವ್ಯಯವಾಯಿತು ಎಂದು ಕೊರಗುವವರುಂಟು. ಬಿಡಿಬಿಡಿಯಾಗಿ ಬರೆದುದೂ, ‘ಕವಿಶಿಷ್ಯ’ನೆಂದು ಹೆಸರನ್ನು ಮರೆಸಿಕೊಂಡುದೂ ಅವರ ಕೀರ್ತಿಗೆ ಬಾಧಕವಾದುದು ನಿಜ. ಅವರ ಹಾಡುಗಳನ್ನು ಬಲ್ಲವರೆಲ್ಲರೂ ಅವರ ಹೆಸರನ್ನು ಬಲ್ಲವರಲ್ಲ. ಆದರೆ ಮಹಾಕಾವ್ಯವನ್ನು ಓದುವ ಕಿವಿಯು ಎಲ್ಲಿ ಸಿದ್ಧವಾಗಬೇಕು? ಪ್ರಾಸವನ್ನೂ ಲಯವನ್ನೂ ಲಳಭೇದವನ್ನೂ ಆರು ವರ್ಷದಲ್ಲಿ ಸವಿಯದವನಿಗೆ ಪಂಪ ನಾರಣಪ್ಪರ ರುಚಿಯು ಅರುವತ್ತರಲ್ಲಿ ಹತ್ತುವುದು ಕಷ್ಟ. ಕುವೆಂಪುರವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ರಾಜರತ್ನಂ ಅವರ ‘ತುತ್ತೂರಿ’ ಮುಂತಾದುವು ಬಂದುದು ಹದಗೊಂಡ ನೆಲದಲ್ಲಿ.

ಪ್ರಭು, ಮಿತ್ರ, ಕಾಂತೆ ಎಂಬ ಮೂವರ ಮಾತನ್ನು ಶಾಸ್ತ್ರವು ಹೇಳಿತು. ಮಗುವು ಈ ಮೂವರನ್ನು ಅರಿಯುವ ಮೊದಲೇ ತಾಯಿಯ ಮಾತನ್ನು ಕೇಳಿರುವುದು. ಆ ಮಾತಿನಲ್ಲಿ ಆಜ್ಞೆ, ಹಿತ, ಒಲವು ಬೇರೆಬೇರೆಯಾಗಿ ತೋರುವುದಿಲ್ಲ. ಲಕ್ಷಣಕಾರರು ಹೆಸರಿಡದ ಈ ನಾಲ್ಕನೆಯ ಬಗೆಗೆ ಕನ್ನಡದಲ್ಲಿ ಲಕ್ಷ್ಯವನ್ನು ತೋರಿಸಬೇಕಾದಲ್ಲಿ, ಮೊದಲು ಎತ್ತಿಕೊಳ್ಳಬೇಕಾದುದು ಪಂಜೆಯವರ ಹಾಡು ಕತೆಗಳನ್ನೇ.