ಗೋಲಾಧ್ಯಾಯದ ಪ್ರಶ್ನೆಗಳು: ಖಗೋಳಜ್ಞಾನಪರೀಕ್ಷೆಯ ವಿಚಾರ

ಖಗೋಳವನ್ನು ಬಲ್ಲೆನೆನ್ನುವವನ ಅರಿವನ್ನು ಒರೆಗೆ ಹಚ್ಚಿ ನೋಡುವ ಪದ್ಧತಿಯು ಭಾರತೀಯ ಸಿದ್ಧಾಂತಗ್ರಂಥಗಳಲ್ಲಿ ಬಹು ಪ್ರಾಚೀನವಾದುದು. ಬ್ರಹ್ಮಗುಪ್ತನು ಕ್ರಿ. ಶ. ೬೨೮ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಪೂರ್ವಾಚಾರ್ಯರ ಮತಗಳನ್ನು ವಿಚಾರಿಸುವ ತಂತ್ರಪರೀಕ್ಷಾಧ್ಯಾಯವುಂಟು. ಲಲ್ಲಾಚಾರ್ಯನ ಶಿಷ್ಯಧೀವೃದ್ಧಿದತಂತ್ರದಲ್ಲಿ ಮಿಥ್ಯಾಜ್ಞಾನವನ್ನು ನಿರಾಕರಿಸುವ ಅಧ್ಯಾಯವೊಂದೂ ಪ್ರಶ್ನಾಧ್ಯಾಯವೊಂದೂ ಇವೆ. ಈ ಪರಂಪರೆಯ ಪರಿಪಾಕವು ಭಾಸ್ಕರಾಚಾರ್ಯನು ೧೧೫೦ರಲ್ಲಿ, ತನ್ನ ೩೬ನೆಯ ವಯಸ್ಸಿನಲ್ಲಿ, ರಚಿಸಿದ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಕಾಣುತ್ತದೆ. ಅಲ್ಲಿ ಪ್ರಶ್ನೆಗಳು ಎರಡು ಕಡೆ ಬರುತ್ತವೆ. ಆದಿಯಲ್ಲಿ, ಗೋಲಪ್ರಶಂಸೆಯಾದೊಡನೆ, ಗೋಲಸ್ವರೂಪಪ್ರಶ್ನವೆಂಬ ಕಿರಿದಾದ ಅಧ್ಯಾಯ. ಅಂತ್ಯಭಾಗದಲ್ಲಿ, ಯಂತ್ರಾಧ್ಯಾಯವೂ ಋತುವರ್ಣನವೂ ಮುಗಿದ ಮೇಲೆ, ಪ್ರಶ್ನಾಧ್ಯಾಯ. ಗಣಿತದ ಕಾಠಿನ್ಯದಿಂದ ಎರಡನೆಯದು ಪಂಡಿತರ ಮನಸ್ಸನ್ನು ಸೆಳೆಯುವುದು ಸಹಜ. ಮೊದಲನೆಯದು ಬರಿಯ ಪೀಠಿಕೆಯಂತೆ ತೋರಿ ಗಮನಕ್ಕೆ ತಪ್ಪಿಹೋಗುವುದೂ ಸಹಜ. ಆದರೆ ಪರೀಕ್ಷೆಯ ದೃಷ್ಟಿಯಿಂದ ಎರಡನ್ನೂ ತೂಗಿ ನೋಡಿದರೆ ಮೊದಲನೆಯದೇ ಮೇಲೆಂದು ಹೇಳಬೇಕಾಗುತ್ತದೆ.

ಪ್ರಶ್ನಾಧ್ಯಾಯದ ಸ್ವರೂಪವನ್ನು ಮೊದಲು ನೋಡಬಹುದು. ಇದು ವಿದ್ವತ್ಸಭೆಯ ಪರೀಕ್ಷೆ. ಪ್ರಶ್ನೆ ಕೇಳುವವನು ಉತ್ತರವನ್ನು ಬಲ್ಲವನು. ಉತ್ತರಿಸುವವನು ತನ್ನ ಸಾಮರ್ಥ್ಯವನ್ನು ತೋರಿಸಬೇಕಾದವನು. ಗ್ರಹಗಣಿತದಲ್ಲಿ ಉಳಿಯುವ ಶೇಷಗಳನ್ನು ಕೊಟ್ಟು, ಕಲ್ಪಾದಿಯಿಂದ ಕಳೆದ ದಿನಗಳ ಸಂಖ್ಯೆಯಾದ ಅಹರ್ಗಣವನ್ನು ಕುಟ್ಟಕದಿಂದ ತೆಗೆಯೆಂಬಂಥ ಪ್ರಶ್ನೆಗಳು ಇಲ್ಲಿ ಬರುತ್ತವೆ. ಗಣಿತಚಾತುರ್ಯಕ್ಕೆ ಇವು ಉತ್ತಮವಾದ ಒರೆಗಲ್ಲುಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂಥ ಪ್ರಶ್ನೆಯಲ್ಲಿ ಗ್ರಹದ ಹೆಸರನ್ನು ತೆಗೆದು ಧಾನ್ಯದ ರಾಶಿಯನ್ನಿಟ್ಟರೂ ಲೆಕ್ಕವು ಕೆಡುವುದಿಲ್ಲ. ಆಕಾಶವನ್ನು ಒಮ್ಮೆಯೂ ತಲೆಯೆತ್ತಿ ನೋಡದವನು ಇದನ್ನು ಬಿಡಿಸಬಲ್ಲನು. ನಕ್ಷತ್ರಗಳನ್ನೆಲ್ಲ ಗುರುತಿಸಬಲ್ಲವನು ಇದರಲ್ಲಿ ಸೋಲಬಹುದು. ಆದುದರಿಂದ ಇದು ಪರೀಕ್ಷಿಸುವುದು ಗಣಕನನ್ನೇ ಹೊರತು ಗೋಲಜ್ಞನನ್ನಲ್ಲ.

ಗೋಲಸ್ವರೂಪಪ್ರಶ್ನದ ರೀತಿಯೇ ಬೇರೆ. ಇಲ್ಲಿ ಕೇಳುವವನು ಶಿಷ್ಯ, ತಿಳಿಯದೆ ಕೇಳುತ್ತಾನೆ. ನಕ್ಷತ್ರಚಕ್ರದ ನಡುವೆ ಈ ಭೂಮಿಯು ಯಾವುದನ್ನು ಆಧರಿಸಿ, ಕೆಳಗೆ ಬೀಳದೆ ನಿಂತಿದೆ? ಅದರ ಆಕಾರವೇನು, ಪ್ರಮಾಣವೆಷ್ಟು? ಅಹರ್ಗಣದಿಂದ ತ್ರೈರಾಶಿಕದ ಮೂಲಕ ತಂದ ಗ್ರಹವು ಆಕಾಶದಲ್ಲಿ ಅದೇ ಸ್ಥಾನದಲ್ಲಿ ಏಕೆ ಕಾಣುವುದಿಲ್ಲ? ಹಗಲಿರುಳುಗಳು ಎಲ್ಲೆಡೆಯೂ ಸಮವಾಗಿರದೆ ಹೆಚ್ಚುಕಡಿಮೆಯಾಗುವುದೇಕೆ? ಚಂದ್ರಗ್ರಹಣದ ಸ್ಪರ್ಶವು ಬಿಂಬದ ಪೂರ್ವಭಾಗದಲ್ಲಿಯೂ ಸೂರ್ಯಗ್ರಹಣದ ಸ್ಪರ್ಶವು ಪಶ್ಚಿಮಭಾಗದಲ್ಲಿಯೂ ಆಗುವುದೇಕೆ? ಈ ಪ್ರಶ್ನೆಗಳಲ್ಲಿ ಸಂಖ್ಯೆಗಳು ಇಲ್ಲವೆನ್ನುವಷ್ಟು ಕಡಮೆ. ಪದಗಳು ಸುಲಭ, ವಾಕ್ಯಗಳು ಚಿಕ್ಕವು. ಆದರೂ ಗೋಲದ ಚಿತ್ರವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳದವನು ಇವುಗಳಲ್ಲಿ ಒಂದಕ್ಕೂ ಉತ್ತರ ಹೇಳಲಾರನು.

ಗ್ರಹಣದ ಪ್ರಶ್ನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಚಂದ್ರಗ್ರಹಣಕ್ಕೆ ಭೂಛಾಯೆಯೂ ಸೂರ್ಯಗ್ರಹಣಕ್ಕೆ ಚಂದ್ರನೂ ಕಾರಣವೆಂಬುದನ್ನು ಬಾಲಕನೂ ಬಾಯಿಪಾಠ ಮಾಡಬಲ್ಲನು. ಸ್ಪರ್ಶವು ಯಾವ ಕಡೆಯಲ್ಲಿ, ಏಕೆ ಎಂದೊಡನೆ ಬಾಯಿಪಾಠದ ಬಲ ಕುಗ್ಗುತ್ತದೆ. ಚಂದ್ರನು ಪೂರ್ವಾಭಿಮುಖವಾಗಿ ಚಲಿಸುತ್ತ ನೆರಳನ್ನು ಹೊಗುತ್ತಾನೆ. ಆದುದರಿಂದ ಅವನ ಪೂರ್ವದ ಅಂಚು ಮೊದಲು ಮಲಿನವಾಗುತ್ತದೆ. ಸೂರ್ಯನನ್ನಾದರೋ ಚಂದ್ರನು ಹಿಂದಿನಿಂದ, ಎಂದರೆ ಪಶ್ಚಿಮದಿಂದ, ಬಂದು ಮುಚ್ಚುತ್ತಾನೆ. ಆದುದರಿಂದ ಅಲ್ಲಿ ಪಶ್ಚಿಮದ ಅಂಚಿಗೆ ಮೊದಲು ಸ್ಪರ್ಶ. ಭಾಸ್ಕರನು ಇಷ್ಟಕ್ಕೇ ನಿಲ್ಲುವುದಿಲ್ಲ. ಅರ್ಧ ಗ್ರಸ್ತನಾದ ಚಂದ್ರನ ಕೋಡುಗಳು ಮೊಂಡಾಗಿರುತ್ತವೆ, ಗ್ರಹಣವು ಬಹಳ ಹೊತ್ತು ಇರುತ್ತದೆ. ಆದುದರಿಂದ ಮುಚ್ಚುವ ವಸ್ತು ಚಂದ್ರನಿಗಿಂತ ದೊಡ್ಡದು. ಸೂರ್ಯನ ಕೋಡುಗಳು ಹರಿತವಾಗಿರುತ್ತವೆ, ಗ್ರಹಣದ ಕಾಲವೂ ಕಡಮೆ. ಆದುದರಿಂದ ಅಲ್ಲಿ ಮುಚ್ಚುವುದು ಬೇರೆ, ಚಿಕ್ಕದು. ಹೀಗೆ ಕಣ್ಣಿಗೆ ಕಾಣುವ ಎರಡು ಚಿಹ್ನೆಗಳಿಂದ ಕಾಣದ ಕಾರಣವನ್ನು ಊಹಿಸುವುದೇ ಗೋಲಜ್ಞಾನ. ಸಿದ್ಧಾಂತಕಾರರು ಇದನ್ನು ವಾಸನೆಯೆಂದು, ಎಂದರೆ ಉಪಪತ್ತಿಯೆಂದು, ಕರೆದರು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಗೋಲಸ್ವರೂಪಪ್ರಶ್ನವು ಮುಂದೆ ಬರುವ ಭುವನಕೋಶ, ಮಧ್ಯಗತಿವಾಸನೆ, ಗ್ರಹಣವಾಸನೆ ಮೊದಲಾದ ಪ್ರಕರಣಗಳ ಸೂಚಿಯಷ್ಟೆ. ವಿಷಯಾನುಕ್ರಮಣಿಕೆಯನ್ನು ಪ್ರಶ್ನರೂಪದಲ್ಲಿ ಹೇಳಿದ ಮಾತ್ರಕ್ಕೆ ಅದನ್ನು ಪರೀಕ್ಷೆಯೆಂದು ಕರೆಯುವುದು ಹೇಗೆ? ಇದಕ್ಕೆ ಸಮಾಧಾನವೇನೆಂದರೆ: ಸೂಚಿಯೆಂಬುದು ನಿಜ. ಆದರೆ ಅನುಕ್ರಮಣಿಕೆಯು ಏನನ್ನು ಹೇಳಲಾಗುವುದೆಂಬುದನ್ನು ತಿಳಿಸುತ್ತದೆ. ಈ ಅಧ್ಯಾಯವು ಯಾವುದನ್ನು ತಿಳಿಯದಿದ್ದರೆ ತಿಳಿದಂತಾಗದೆಂಬುದನ್ನು ತಿಳಿಸುತ್ತದೆ. ಗ್ರಂಥವನ್ನು ಓದಿ ಮುಗಿಸಿದವನು ಮತ್ತೆ ಈ ಪ್ರಶ್ನೆಗಳಿಗೆ ಬಂದು ಉತ್ತರಿಸಲಾರದೆ ಹೋದರೆ ಅವನ ಓದು ವ್ಯರ್ಥವೆಂದೇ ತೀರ್ಮಾನ. ಪ್ರಶ್ನಾಧ್ಯಾಯದಲ್ಲಿಯೂ ಆಚಾರ್ಯನು ತ್ರೈರಾಶಿಕವೇ ಪಾಟೀಗಣಿತವೆಂದೂ ನಿರ್ಮಲವಾದ ಬುದ್ಧಿಯೇ ಬೀಜಗಣಿತವೆಂದೂ ಅಭಿಪ್ರಾಯ ಪಡುತ್ತಾನೆ. ಆತನ ಮಾನದಂಡವೇ ಇದಾಗಿರುವಾಗ, ಶುದ್ಧವಾದ ಬುದ್ಧಿಯೊಂದನ್ನೇ ಅಪೇಕ್ಷಿಸುವ ಮೊದಲ ಪ್ರಶ್ನೆಗಳಿಗೆ ಹಿರಿತನ ಸಲ್ಲುವುದು ಆತನ ಮತಕ್ಕೆ ವಿರುದ್ಧವಾಗಲಾರದು.

ಭುವನಕೋಶದ ಎರಡು ಸ್ಥಳಗಳು ಈ ಮಾತನ್ನು ದೃಢಪಡಿಸುತ್ತವೆ. ಉಜ್ಜಯಿನಿಯಿಂದ ನೇರವಾಗಿ ಪೂರ್ವಕ್ಕೆ ಭೂಪರಿಧಿಯ ಕಾಲುಭಾಗದಷ್ಟು ದೂರದಲ್ಲಿ ಯಮಕೋಟಿಯಿದೆ. ಆದರೆ ಯಮಕೋಟಿಯಿಂದ ನೇರವಾಗಿ ಪಶ್ಚಿಮಕ್ಕೆ ಅಷ್ಟೇ ದೂರ ಹೋದರೆ ಸಿಕ್ಕುವುದು ಉಜ್ಜಯಿನಿಯಲ್ಲ, ಲಂಕೆ. ಚಪ್ಪಟೆಯಾದ ಪಟವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಇದು ಅಸಂಬದ್ಧವಾಗಿ ತೋರುವುದು. ಚೆಂಡಿನ ಮೇಲೆ ದಾರವನ್ನು ಎಳೆದು ನೋಡಿದವನಿಗೆ ಇದು ಕೂಡಲೆ ಸ್ಪಷ್ಟ: ಯಮಕೋಟಿಯು ನಿರಕ್ಷದೇಶದಲ್ಲಿರುವುದರಿಂದ ಅಲ್ಲಿಯ ಪಶ್ಚಿಮರೇಖೆಯು ನಿರಕ್ಷವೃತ್ತವನ್ನೇ ಅನುಸರಿಸುತ್ತದೆ. ಎರಡನೆಯದು ಭೂಪೃಷ್ಠಫಲದ ವಿಚಾರ. ಲಲ್ಲನು ವೃತ್ತಫಲವನ್ನು ಪರಿಧಿಯಿಂದ ಗುಣಿಸಿದನು. ಭಾಸ್ಕರನು ಅದನ್ನು ಖಂಡಿಸಿ, ಪರಿಧಿಯನ್ನು ವ್ಯಾಸದಿಂದ ಗುಣಿಸಬೇಕೆಂದನು. ಪರಿಧಿ ೪೯೬೭ ಯೋಜನ, ವ್ಯಾಸ ೧೫೮೧ ಯೋಜನಕ್ಕೆ ಮೇಲೆ ಇಪ್ಪತ್ತನಾಲ್ಕನೆಯ ಒಂದಂಶ. ಫಲವು ೭೮,೫೩,೦೩೪ ಚದರ ಯೋಜನ. ಲಲ್ಲನ ಗುಣಾಕಾರದಲ್ಲಿ ದೋಷವಿರಲಿಲ್ಲ; ದೋಷವಿದ್ದುದು ಕಲ್ಪನೆಯಲ್ಲಿ. ಕ್ಷೇತ್ರವನ್ನು ಉದ್ದದಿಂದ ಗುಣಿಸಿದರೆ ಬರುವುದು ಘನವೇ ಹೊರತು ಮೇಲ್ಮೈಯಲ್ಲವೆಂಬುದನ್ನು ಗಮನಿಸಿದ್ದರೆ ಸಾಕಾಗಿತ್ತು. ದೊಡ್ಡ ಗಣಕನೂ ಎಡವಿದ ಕಡೆ ಹಿಡಿದು ನಿಲ್ಲಿಸುವುದು ಉಪಪತ್ತಿಯೊಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಹೀಗೆಂದ ಮಾತ್ರಕ್ಕೆ ಗೋಲಸ್ವರೂಪಪ್ರಶ್ನವು ನಿರ್ದುಷ್ಟವೆಂದು ಹೇಳಲಾಗದು. ಭೂಮಿಯು ಏತರ ಆಧಾರದಿಂದ ನಿಂತಿದೆಯೆಂದು ಕೇಳುವಾಗ, ಅದು ನಿಂತಿದೆಯೆಂಬ ಉತ್ತರವು ಪ್ರಶ್ನೆಯೊಳಗೇ ಅಡಗಿದೆ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದೆಂಬ ಮತವನ್ನು ಆರ್ಯಭಟನು ೪೯೯ರಲ್ಲಿಯೇ ಹೇಳಿದ್ದನು. ಶಿಷ್ಯನ ಬಾಯಲ್ಲಿ ಆ ಸಂದೇಹಕ್ಕೆ ಎಡೆಯಿಲ್ಲದಂತಾಯಿತು. ಇನ್ನು ಗ್ರಹಣದಲ್ಲಿ ಅಷ್ಟು ಸ್ಪಷ್ಟವಾದ ಯುಕ್ತಿಯನ್ನು ಹೇಳಿದ ಮೇಲೆ, ಬ್ರಹ್ಮನ ವರದಿಂದ ರಾಹುವು ಭೂಛಾಯೆಯನ್ನು ಹೊಕ್ಕು ಚಂದ್ರನನ್ನೂ, ಚಂದ್ರನನ್ನು ಹೊಕ್ಕು ಸೂರ್ಯನನ್ನೂ ಮುಚ್ಚುತ್ತಾನೆಂದು ಆಗಮದೊಡನೆ ಸಂಧಿ ಮಾಡಿಕೊಂಡುದು ಉಪಪತ್ತಿಯ ಬಲವನ್ನು ತಗ್ಗಿಸಿತು. ಪರೀಕ್ಷಕನಾದವನು ಶಿಷ್ಯನ ಉತ್ತರವನ್ನು ಮಾತ್ರವಲ್ಲದೆ ತನ್ನ ಪ್ರಶ್ನೆಯನ್ನೂ ಪರೀಕ್ಷಿಸಬೇಕೆಂಬ ಪಾಠವು ಈ ಎರಡು ನ್ಯೂನತೆಗಳಿಂದ ದೊರೆಯುತ್ತದೆ.

ಆದರೂ ಈ ಪ್ರಶ್ನೆಗಳ ಜೀವ ಕುಂದಿಲ್ಲ. ಆಧಾರಕ್ಕೆ ಮತ್ತೊಂದು ಆಧಾರವನ್ನು ಕಲ್ಪಿಸಿದರೆ ಅನವಸ್ಥಾದೋಷವೆಂದೂ, ಸುತ್ತಲೂ ಆಕಾಶವು ಸಮವಾಗಿರುವಾಗ ಭೂಮಿಯು ಬೀಳುವುದೆಲ್ಲಿಗೆಂದೂ ಭಾಸ್ಕರನು ಉತ್ತರ ಹೇಳಿದನು. ಇಂದಿನ ಉತ್ತರ ಬೇರೆ: ಭೂಮಿಯು ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರು ವೇಗದಿಂದ ಓಡುತ್ತ, ಸೂರ್ಯನ ಸೆಳೆತಕ್ಕೆ ಒಳಗಾಗಿ ಅವನನ್ನು ಸುತ್ತುತ್ತಿದೆ. ಉತ್ತರ ಮಾರ್ಪಟ್ಟಿತು, ಪ್ರಶ್ನೆ ಉಳಿಯಿತು. ಇದಕ್ಕೆ ಪ್ರತಿಯಾಗಿ, ಸಾಮಾನ್ಯಜ್ಞಾನದ ಪರೀಕ್ಷೆಗಳಲ್ಲಿ ಬರುವ "ಗ್ರಹಗಳೆಷ್ಟು?" ಎಂಬ ಪ್ರಶ್ನೆಯನ್ನು ನೋಡಬಹುದು. ಪುರೋಹಿತನು ಒಂಬತ್ತೆಂದನು, ಪ್ಲೂಟೋ ಗೋಚರವಾದ ೧೯೩೦ರಿಂದ ೨೦೦೬ರವರೆಗೆ ಶಾಲೆಯ ಬಾಲಕನೂ ಒಂಬತ್ತೆಂದನು. ಸಂಖ್ಯೆ ಒಂದೇ, ಆದರೆ ಇಬ್ಬರ ಪಟ್ಟಿಯಲ್ಲಿಯೂ ಇದ್ದವು ಬುಧ, ಶುಕ್ರ, ಕುಜ, ಗುರು, ಶನಿ ಎಂಬ ಐದು ಮಾತ್ರ. ೨೦೦೬ರಲ್ಲಿ ಅಂತರರಾಷ್ಟ್ರೀಯ ಖಗೋಳಸಂಸ್ಥೆಯು ಪ್ಲೂಟೋವನ್ನು ಕುಬ್ಜಗ್ರಹವೆಂದು ನಿರ್ಣಯಿಸಿದಾಗ ಬಾಲಕನ ಸರಿಯುತ್ತರವು ತಪ್ಪಾಯಿತು. ಗ್ರಹವೆಂದರೇನು, ಅದನ್ನು ನಕ್ಷತ್ರದಿಂದ ಬೇರ್ಪಡಿಸುವುದು ಹೇಗೆ ಎಂದು ಕೇಳಿದ್ದರೆ ಇಬ್ಬರ ಅರಿವೂ ಬಯಲಿಗೆ ಬರುತ್ತಿತ್ತು; ನಿರ್ಣಯವು ಬದಲಾದರೂ ಪ್ರಶ್ನೆಗೆ ಹಾನಿಯಿರುತ್ತಿರಲಿಲ್ಲ.

೨೦೧೯ರ ಡಿಸೆಂಬರ್ ೨೬ರಂದು ಮಂಗಳೂರಿನಲ್ಲಿ ಸೂರ್ಯನು ಕಂಕಣಾಕಾರವಾಗಿ ಕಂಡನು. ಅದೇ ದಿನ ಬೆಂಗಳೂರಿನಲ್ಲಿ ಖಂಡಗ್ರಹಣ ಮಾತ್ರ. ಚಂದ್ರಗ್ರಹಣದಲ್ಲಿ ಇಂಥ ಭೇದವಿಲ್ಲ. ಚಂದ್ರನು ಕಾಣುವ ಎಲ್ಲ ಊರುಗಳಿಗೂ ಗ್ರಾಸವು ಒಂದೇ. ಇದೇಕೆಂದು ಕೇಳಿದರೆ, ನೋಡುವವನ ಸ್ಥಾನಕ್ಕೆ ತಕ್ಕಂತೆ ಸಮೀಪದ ಚಂದ್ರನು ದೂರದ ಸೂರ್ಯನ ಎದುರು ಸರಿದಂತೆ ತೋರುವನೆಂಬ ಲಂಬನ ನತಿಗಳ ತತ್ತ್ವವನ್ನು ಹೇಳಲೇಬೇಕು. ಆ ಗ್ರಹಣದ ದಿನಾಂಕವನ್ನು ಕೇಳುವ ಅಧ್ಯಾಪಕನು ವಿದ್ಯಾರ್ಥಿಯ ನೆನಪನ್ನು ಮಾತ್ರ ಅಳೆಯುತ್ತಾನೆ. ಎರಡೂರುಗಳಲ್ಲಿ ಕಂಡ ಭೇದದ ಕಾರಣವನ್ನು ಕೇಳುವವನು ಗೋಲಸ್ವರೂಪಪ್ರಶ್ನದ ಶಿಷ್ಯನು ಕೇಳಿದುದನ್ನೇ ಮತ್ತೆ ಕೇಳುತ್ತಾನೆ. ಗೋಲಾಧ್ಯಾಯವನ್ನು ಪಾಠ ಹೇಳುವವರು ಕುಟ್ಟಕದ ಕಠಿನತೆಗೆ ಮಾರುಹೋಗದೆ, ಆದಿಯ ಆ ಕೆಲವು ಪ್ರಶ್ನೆಗಳಿಗೆ ಹೆಚ್ಚಿನ ಕಾಲವನ್ನು ಮೀಸಲಿಡುವುದು ಯುಕ್ತ.