‘ದಹನವಾಯು ನಿಯಂತ್ರಣ’: ಒಂದು ಪರಿಭಾಷೆಯ ವಿಮರ್ಶೆ

ಶಾಸ್ತ್ರೀಯ ಪರಿಭಾಷೆಯನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಸಮಾಸದ ಶುದ್ಧಿಯನ್ನು ನೋಡಿ ತೃಪ್ತರಾಗುವರು. ಶಬ್ದವು ವಸ್ತುವಿನ ವ್ಯಾಪಾರವನ್ನು ತೋರಿಸುವುದೋ ಮರೆಸುವುದೋ ಎಂಬ ವಿಚಾರವು ಹಿಂದುಳಿಯುವುದು. ಕಾಗದದ ಕಾರ್ಖಾನೆಗಳ ವಿಷಯದಲ್ಲಿ ಬಳಸಬಹುದಾದ ‘ದಹನವಾಯು ನಿಯಂತ್ರಣ’ ಎಂಬ ಮಾತನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ. ವ್ಯಾಕರಣದ ಮಟ್ಟಿಗೆ ಅದು ನಿರ್ದುಷ್ಟವಾದುದು.

ಸಲ್ಫೇಟು ಪದ್ಧತಿಯಲ್ಲಿ ಮರವನ್ನೋ ಬಿದಿರನ್ನೋ ಕ್ಷಾರದ್ರಾವಣದಲ್ಲಿ ಬೇಯಿಸಿ ನಾರನ್ನು ಬೇರ್ಪಡಿಸುವರು. ಉಳಿದ ಕಪ್ಪುದ್ರಾವಣದಲ್ಲಿ ಮರದ ಲಿಗ್ನಿನ್ನೂ ಬೆಲೆಯುಳ್ಳ ಸೋಡಿಯಂ ಗಂಧಕಗಳೂ ಇರುವುವು. ಅದನ್ನು ಗಟ್ಟಿಯಾಗಿಸಿ ಒಲೆಯೊಳಗೆ ಸಿಂಪಡಿಸಿ ಸುಡುವ ಬಾಯ್ಲರನ್ನು ಕೆನಡಾದ ಟಾಮ್ಲಿನ್ಸನ್ನನು ೧೯೩೦ರ ದಶಕದಲ್ಲಿ ರೂಪಿಸಿದನು. ೧೯೫೫ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಕಂಪನಿಯಂತಹವುಗಳಿಗೆ ಈ ಬಾಯ್ಲರು ಹಬೆಯ ಒಂದು ಮೂಲ; ವ್ಯಯವಾದ ರಾಸಾಯನಿಕಗಳನ್ನು ಮರಳಿ ಕೊಡುವುದೂ ಅದೇ.

ಈ ಒಲೆಯಲ್ಲಿ ಗಾಳಿಗೆ ಪರಸ್ಪರ ವಿರುದ್ಧವಾದ ಎರಡು ಕೆಲಸಗಳಿವೆ. ತಳದ ಕರಿಹಾಸಿನಲ್ಲಿ ಇಂಗಾಲವು ಸೋಡಿಯಂ ಸಲ್ಫೇಟಿನ ಆಮ್ಲಜನಕವನ್ನು ಕಿತ್ತುಕೊಂಡು ಅದನ್ನು ಸಲ್ಫೈಡಾಗಿಸಬೇಕು. ಅಲ್ಲಿ ಗಾಳಿ ಹೆಚ್ಚಾದರೆ ಸಲ್ಫೈಡು ಮತ್ತೆ ಸಲ್ಫೇಟಾಗುವುದು. ಮೇಲ್ಭಾಗದಲ್ಲಿಯಾದರೋ ಗಾಳಿ ಸಾಕಷ್ಟಿರದಿದ್ದರೆ ಅನಿಲಗಳು ಬೇಯದೆ ಗಂಧಕದ ದುರ್ವಾಸನೆ ಹೊರಡುವುದು. ಮೊತ್ತವು ಸರಿಯಾಗಿದ್ದರೂ ಧಾರೆಗಳು ದುರ್ಬಲವಾದರೆ, ನಡುವೆ ವೇಗದ ಕಂಬವೊಂದೆದ್ದು ದ್ರಾವಣದ ಹನಿಗಳನ್ನು ಮೇಲಕ್ಕೊಯ್ದು ಕೊಳವೆಗಳ ನಡುವಣ ಸಂದುಗಳನ್ನು ಕಟ್ಟುವುದು. ಆದುದರಿಂದಲೇ ಈಚಿನ ಸುಧಾರಣೆಗಳೆಲ್ಲ ಗಾಳಿಯ ಅಂತಸ್ತು, ವೇಗ, ಎದುರುಗೋಡೆಗಳ ಧಾರೆಗಳನ್ನು ಒಂದರ ನಡುವೊಂದು ಹೆಣೆಯುವ ಕ್ರಮ ಇವುಗಳನ್ನೇ ಕುರಿತಿವೆ.

‘ನಿಯಂತ್ರಣ’ದ ಧಾತ್ವರ್ಥವು ಬಿಗಿಹಿಡಿಯುವುದು, ತಡೆಯುವುದು. ಈ ಅರ್ಥವು ತಳದ ಗಾಳಿಗೆ ಒಪ್ಪುವುದು; ಮೇಲಿನದಕ್ಕೆ ಒಪ್ಪದು. ‘ಗಾಳಿಯನ್ನು ನಿಯಂತ್ರಿಸಿರಿ’ ಎಂಬ ಸೂಚನೆಯನ್ನು ‘ತಗ್ಗಿಸಿರಿ’ ಎಂದು ಕೆಲಸಗಾರನು ಗ್ರಹಿಸಿದರೆ, ಸುಡದ ಅನಿಲವು ಒಲೆಯಲ್ಲಿ ಶೇಖರವಾಗಿ ಸ್ಫೋಟಕ್ಕೆ ಎಡೆಯಾಗಬಹುದು. ಇಲ್ಲಿ ಶಬ್ದದೋಷವು ಕೇವಲ ಕಾವ್ಯದೋಷವಲ್ಲ.

ಬೇರೆ ಮಾತಿಗೆ ದೂರ ಹೋಗಬೇಕಾಗಿಲ್ಲ. ೧೮೦೦–೦೧ರಲ್ಲಿ ಸಂಚರಿಸಿ ೧೮೦೭ರಲ್ಲಿ ಗ್ರಂಥವನ್ನು ಪ್ರಕಟಿಸಿದ ಬುಕನನ್ನನು, ಮಧುಗಿರಿ ಚನ್ನರಾಯನದುರ್ಗಗಳಲ್ಲಿ ಮಳೆಯ ತೊರೆಗಳು ತಂದ ಕರಿಮರಳಿನಿಂದಲೂ, ಬುಕ್ಕಾಪಟ್ಟಣದ ಸೀಮೆಗೆ ಹತ್ತಿರವಾದ ಹಾಗಲವಾಡಿಯಲ್ಲಿ ಅದಿರಿನಿಂದಲೂ ಕಬ್ಬಿಣ ತೆಗೆಯುತ್ತಿದ್ದುದನ್ನು ವರ್ಣಿಸಿದ್ದಾನೆ. ಆ ಕುಲುಮೆಯವರ ಇಕ್ಕಟ್ಟೂ ಇದೇ: ತಿದಿಯೊತ್ತಿ ಕಾವೇರಿಸಬೇಕು, ಆದರೂ ಇದ್ದಲು ಅದಿರಿನ ಆಮ್ಲಜನಕವನ್ನು ಕಳೆಯುವಂತಿರಬೇಕು. ಬಾಯ್ಲರಿನ ಬೀಸಣಿಗೆಯನ್ನು ‘ತಿದಿ’ ಎಂದು ಕರೆಯುವುದು ಬಲಾತ್ಕಾರವಾದೀತು. ಆದರೆ ಪಾಕಕ್ಕೂ ಉಳುವ ನೆಲಕ್ಕೂ ಕಾದ ಕಬ್ಬಿಣಕ್ಕೂ ಸಲ್ಲುವ ‘ಹದ’ವೆಂಬ ಮಾತು ನಮ್ಮಲ್ಲಿದೆ. ಹೆಚ್ಚೂ ಆಗದೆ ಕಡಮೆಯೂ ಆಗದೆ ಎಡೆಯರಿತಿರುವುದು ಅದರ ಅರ್ಥ. ‘ಗಾಳಿಯ ಹಂಚಿಕೆ, ಗಾಳಿಯ ಹದ’ ಎಂದರೆ ಎರಡು ಕೆಲಸಗಳೂ ತಿಳಿಯುವುವು.

ಹದವು ಕಣ್ಣಂದಾಜಿನ ಮಾತು, ಯಂತ್ರಕ್ಕೆ ಅಂಕಿಗಳು ಬೇಕು ಎಂಬ ಆಕ್ಷೇಪವು ನ್ಯಾಯವಾದುದೇ. ಆದರೆ ಅಂಕಿಯನ್ನು ಜೊತೆಗಿಡಬಹುದು. ತಪ್ಪು ಭಾವವನ್ನು ಅಂಕಿ ತಿದ್ದಲಾರದು. ತುಮಕೂರು ಜಿಲ್ಲೆಯ ಬೆಳ್ಳಾವೆಯ ಹೆಸರನ್ನು ಹೊತ್ತ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ೧೯೧೮ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿ ಕನ್ನಡಕ್ಕೆ ಶಾಸ್ತ್ರದ ದಾರಿಯನ್ನು ತೆರೆದರು. ಆ ದಾರಿಯಲ್ಲಿ ನಡೆಯುವ ಅಧ್ಯಾಪಕರು ಶಬ್ದವನ್ನು ಕೋಶದಲ್ಲಿ ನೋಡುವುದರೊಡನೆ ಒಲೆಯ ಮುಂದೆಯೂ ಒರೆಹಚ್ಚುವುದು ಯುಕ್ತ.