ವೆಲ್ಲೆಸ್ಲಿಯ ಕಾಗದಗಳಲ್ಲಿ ನಮ್ಮ ಎತ್ತುಗಳು

ಯುದ್ಧದ ಕಥೆ ಸಿಗುತ್ತದೆಂದು ಆರ್ಥರ್ ವೆಲ್ಲೆಸ್ಲಿಯ ಇಂಡಿಯಾ ಕಾಗದಗಳನ್ನು ಕೈಗೆತ್ತಿಕೊಂಡವರಿಗೆ ಬೇಗನೆ ಆಕಳಿಕೆ ಬರುತ್ತದೆ. ಅಕ್ಕಿ ಎಷ್ಟು ಬಂತು, ಎತ್ತು ಎಷ್ಟು ಸತ್ತವು, ಬಾಡಿಗೆ ಎತ್ತಿನವರು ಯಾಕೆ ತಲೆತಪ್ಪಿಸಿಕೊಂಡರು, ಹೊಳೆ ದಾಟಲು ಹರಿಗೋಲು ಕಟ್ಟಿದ್ದಾಯಿತೆ, ಪುಟಗಟ್ಟಲೆ ಇದೇ ಮಾತು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ 1815ರಲ್ಲಿ ವಾಟರ್ಲೂ ಗೆದ್ದವನು ಮೂವತ್ತರ ಆಸುಪಾಸಿನಲ್ಲಿ, ಮೈಸೂರು ಸೀಮೆಯಲ್ಲಿದ್ದಾಗ ಬರೆದವು ಇವು. ಲೆಫ್ಟಿನೆಂಟ್ ಕರ್ನಲ್ ಗರ್ವುಡ್ 1834ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ. ಬಿಟ್ಟುಹೋದವನ್ನು ಡ್ಯೂಕನ ಮಗ 1858ರಿಂದ ಹೊರತಂದ. ಜೀವನಚರಿತ್ರೆಕಾರರು ಈ ರಾಶಿಯಿಂದ ಕದನಗಳನ್ನು ಆರಿಸಿಕೊಂಡು ಎತ್ತುಗಳನ್ನು ಬಿಟ್ಟರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಇದನ್ನು ತಿರುಗಾಮುರುಗಾ ಓದಬೇಕು ಅನ್ನುವುದು ನನ್ನ ವಾದ. ಎತ್ತಿನ ಪುಟಗಳೇ ಇಲ್ಲಿ ಮುಖ್ಯ. ಕದನಗಳು ಅವುಗಳ ಫಲ.

ಆದರೂ ಒಂದು ಸೋಲಿನಿಂದಲೇ ಶುರುಮಾಡಬೇಕು, ಏಕೆಂದರೆ ಅದು ತೋಟದಲ್ಲಿ ಆದ ಸೋಲು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪನ್ನು ಹಿಡಿಯಲು 33ನೇ ರೆಜಿಮೆಂಟಿನೊಡನೆ ಈತ ನುಗ್ಗಿದ. ತೆಂಗು, ಅಡಕೆ, ಬಿದಿರು ಒತ್ತಾಗಿ ಬೆಳೆದ ಜಾಗ, ನಡುನಡುವೆ ನೀರುಗಾಲುವೆ. ಬೆಳದಿಂಗಳಲ್ಲೂ ಬದು ಯಾವುದು, ಕಾಲುವೆ ಯಾವುದು ಎಂದು ತೋಟದ ಯಜಮಾನನೇ ಕಾಲಾಡಿಸಿ ನೋಡಿ ನಡೆಯಬೇಕು; ಆವತ್ತು ಕಗ್ಗತ್ತಲು. ಟಿಪ್ಪುವಿನ ಕಡೆಯವರು ಗುಂಡು, ರಾಕೆಟ್ಟು ಹಾರಿಸಿದರು. ದಂಡು ಚೆಲ್ಲಾಪಿಲ್ಲಿಯಾಯಿತು, ಹನ್ನೆರಡು ಮಂದಿ ಸೆರೆಸಿಕ್ಕಿ ಸತ್ತರು, ವೆಲ್ಲೆಸ್ಲಿಯ ಮೊಣಕಾಲಿಗೂ ಪೆಟ್ಟು ಬಿತ್ತು. ಮಾರನೆಯ ಬೆಳಗ್ಗೆ ಬೆಳಕಿನಲ್ಲಿ ಅದೇ ತೋಪು ಸಲೀಸಾಗಿ ಕೈಗೆ ಬಂತು. ಹಗಲಲ್ಲಿ ನೋಡದ ಜಾಗಕ್ಕೆ ಇನ್ನು ರಾತ್ರಿ ಕಾಲಿಡುವುದಿಲ್ಲ ಎಂದು ಗವರ್ನರ್ ಜನರಲ್ ಆಗಿದ್ದ ಅಣ್ಣನಿಗೆ ಬರೆದ. ಅಣ್ಣನ ಪ್ರಭಾವವಿರದ ಬೇರೆ ಕರ್ನಲ್ ಆಗಿದ್ದರೆ ಅವನ ನೌಕರಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಈತ ತಿಂಗಳು ಕಳೆಯುತ್ತಲೇ, ಪಟ್ಟಣ ಬಿದ್ದಮೇಲೆ, ಶ್ರೀರಂಗಪಟ್ಟಣದ ಅಧಿಕಾರಿಯಾದ, ದರಿಯಾ ದೌಲತ್ತಿನಲ್ಲಿ ಬಿಡಾರ ಹೂಡಿದ. ಇಂಗ್ಲಿಷರು ಸೋತ ಪೊಳ್ಳಿಲೂರು ಕದನದ ಗೋಡೆಚಿತ್ರಕ್ಕೆ ಮತ್ತೆ ಬಣ್ಣ ಹಾಕಿಸಿದವನೂ ಇವನೇ. ಅಷ್ಟು ದೊಡ್ಡತನ ಇತ್ತು.

ಪಟ್ಟಣದ ಜೊತೆ ಇಂಗ್ಲಿಷರ ಪಾಲಿಗೆ ಬಂದ ಇನ್ನೊಂದು ಆಸ್ತಿ ಅಮೃತಮಹಲ್ ಎಂಬ ಸರ್ಕಾರಿ ದನದ ಇಲಾಖೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ದಂಡಿನ ಎತ್ತಿನ ಕಾರ್ಖಾನೆಯಾಗಿ ಬೆಳೆಸಿದ; ಟಿಪ್ಪು ಅದಕ್ಕೆ ಹೊಸ ಹೆಸರಿಟ್ಟು ಹುಕುಂನಾಮೆ ಬರೆಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ, ಈ ಮೂರು ಬಗೆಯ ರಾಸುಗಳಿಂದ ಕೂಡಿಬಂದ ತಳಿ ಅದು. ಹಾಗಲವಾಡಿ ಎಂದರೆ ಚಿಕ್ಕನಾಯಕನಹಳ್ಳಿಗೆ ಹೆಸರು ಕೊಟ್ಟ ಪಾಳೆಯಗಾರರ ಮನೆತನದ ಊರು. ತಿಪಟೂರು ಅಂದಕೂಡಲೇ ಕೊಬ್ಬರಿ ನೆನೆಯುವ ನಮಗೆ, ದಂಡಿನವರು ಈ ಸೀಮೆಯ ಕಡೆ ನೋಡಿದ್ದು ದನಕ್ಕಾಗಿ ಎಂಬುದು ಮರೆತೇ ಹೋಗಿದೆ. ತಿಪಟೂರಿನ ಪಕ್ಕದ ಕೊನೇಹಳ್ಳಿ ಕಾವಲಿನಲ್ಲಿ (ದನ ಮೇಯುವ ಮೀಸಲು ಹುಲ್ಲುಗಾವಲಿನಲ್ಲಿ) ಈ ರಾಸುಗಳನ್ನು ನೋಡಿದರೆ ವೆಲ್ಲೆಸ್ಲಿಯ ಕಾಗದ ಅರ್ಥವಾಗುತ್ತದೆ. ನೀಳ ಮುಖ, ಹಣೆಯ ನಡುವೆ ಗೀರು, ಬುಡದಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿದ ಚೂಪು ಕೊಂಬು, ಬಿಗಿದ ಮೈ. ಹಾಲು ಕರುವಿಗೆ ಸಾಕಾದರೆ ಹೆಚ್ಚು. ಗುರುತಿಲ್ಲದವರು ಹತ್ತಿರ ಹೋದರೆ ತಲೆ ಎತ್ತಿ, ಮೂಗರಳಿಸಿ ನಿಲ್ಲುತ್ತವೆ. ಓಡುವುದಕ್ಕೆಂದೇ ಸಾಕಿದ ಜಾತಿ.

1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದಾಗ ವೆಲ್ಲೆಸ್ಲಿಗೆ ಬೇಕಾಗಿದ್ದದ್ದು ಇದೇ ಓಟ. ಚನ್ನಗಿರಿಯ ಆ ಸಾಹಸಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು ಕುದುರೆ ಪಡೆ ಕಟ್ಟಿ, ಉಭಯಲೋಕಾಧೀಶ್ವರ ಎಂದು ಕರೆದುಕೊಂಡಿದ್ದ. ತುಂಗಭದ್ರೆ ದಾಟಿ, ಮಲಪ್ರಭೆ, ಘಟಪ್ರಭೆಗಳ ನಡುವೆ ಬೇಸಗೆ ಕೊನೆಯಿಂದ ಮಳೆಗಾಲದುದ್ದಕ್ಕೂ ನಡೆದ ಬೇಟೆ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಮುಗಿಯಿತು. ಕೊನೆಯ ಏಟು ಕುದುರೆಯವರದು. ಅಲ್ಲಿಯವರೆಗೆ ದಂಡು ಹಸಿಯದಂತೆ ನೋಡಿಕೊಂಡಿದ್ದು ಎತ್ತುಗಳು ಮತ್ತು ಧಾನ್ಯ ಹೇರಿಕೊಂಡು ಬರುತ್ತಿದ್ದ ಲಂಬಾಣಿಗಳು. ಚೆನ್ನಾಗಿ ಸಾಕಿದ, ಚೆನ್ನಾಗಿ ಹೊಡೆಯುವ ಎತ್ತಿಲ್ಲದೆ ದಂಡು ಬೇಗ ನಡೆಯಲಾರದು ಎಂದು ಈತ ಮತ್ತೆ ಮತ್ತೆ ಬರೆಯುತ್ತಾನೆ. ಎತ್ತೆಲ್ಲ ಕಾವಲಿನವೇ ಆಗಿರಲಿಲ್ಲ. ಹೇರಿನವು ಹೆಚ್ಚಿನ ಪಾಲು ಬಾಡಿಗೆಯವು, ಸಾಯುತ್ತಿದ್ದದ್ದೂ ಅವೇ ಜಾಸ್ತಿ. ಮೈಸೂರಿನ ಸರ್ಕಾರಿ ಎತ್ತಿನ ಬೆಲೆ ಆತನಿಗೆ ತಿಳಿದದ್ದು ಈ ವ್ಯತ್ಯಾಸ ಕಂಡಮೇಲೆ.

1803ರ ಸೆಪ್ಟೆಂಬರ್ 23ರ ಅಸ್ಸಾಯಿ ಕದನದಲ್ಲಿ ಮರಾಠ ಸರದಾರ ಶಿಂಧೆಯ ತೋಪುಗಳ ಹೊಡೆತಕ್ಕೆ ಮೊದಲು ಬಿದ್ದವುಗಳಲ್ಲಿ ಇಂಗ್ಲಿಷರ ತೋಪಿನ ಎತ್ತುಗಳೂ ಇದ್ದವು. ಎಳೆಯುವವರಿಲ್ಲದ ತೋಪುಗಳನ್ನು ಹಿಂದೆ ಬಿಟ್ಟು ಕಾಲಾಳುಗಳನ್ನು ಬಯೊನೆಟ್ಟಿನೊಡನೆ ಮುಂದೆ ನೂಕಬೇಕಾಯಿತು. ಇಂಗ್ಲಿಷರ ಕಡೆ ಸತ್ತವರು, ಗಾಯಗೊಂಡವರು ಸೇರಿ 1,500ಕ್ಕೂ ಮೇಲೆ. ಇದನ್ನು ಧೈರ್ಯದ ಅಧ್ಯಾಯವಾಗಿ ಬರೆಯುವವರು ಎತ್ತಿನ ಸಾಲನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಆ ಸಾಲು ಬಿದ್ದದ್ದರಿಂದಲೇ ಅಷ್ಟು ಧೈರ್ಯ ಬೇಕಾಗಿ ಬಂತು. ಮುಂದೆ ಸ್ಪೇನ್, ಪೋರ್ಚುಗಲ್ ಯುದ್ಧಗಳಲ್ಲಿ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಈತ ಹಲುಬುತ್ತಿದ್ದನೆಂದು ಅಮೃತಮಹಲ್ ಕುರಿತ ಹಳೆಯ ಬರಹಗಳು ಹೇಳುತ್ತವೆ. ಕಾಗದಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಹೊಗಳಿ ಮುಗಿಸುವಂತಿಲ್ಲ. ಇಷ್ಟು ಲೆಕ್ಕ ಬರೆದವನ ಕಾಗದಗಳಲ್ಲಿ ಕಾವಲಿನ ಮನುಷ್ಯನಿಲ್ಲ. ಬೇಸಗೆಗೊಂದು, ಮಳೆಗೊಂದು, ಚಳಿಗೊಂದು ಕಾವಲಿಗೆ ಹಿಂಡು ಹೊಡೆದುಕೊಂಡು ಹೋಗುತ್ತಿದ್ದ ಕಾವಲುಗಾರರು ಯಾರು, ಹೇಗೆ ಬದುಕಿದರು ಎಂಬ ಕುತೂಹಲವೇ ಇಲ್ಲ. ಲಂಬಾಣಿಗಳು ಹೊತ್ತಿಗೆ ಬಂದರೆ ಒಳ್ಳೆಯವರು, ತಡವಾದರೆ ಮೋಸಗಾರರು. ಎದುರು ನಿಂತವರ ಮೇಲೆ ಕರುಣೆಯೂ ಇಲ್ಲ. ನಮ್ಮ ನೆರೆಯ ಹಾಸನದ ಬಲಂ ಸೀಮೆಯ ಕೃಷ್ಣಪ್ಪ ನಾಯಕನನ್ನು 1802ರಲ್ಲಿ ಹಿಡಿದು ಗಲ್ಲಿಗೇರಿಸಿದ ಸಂಗತಿಯನ್ನೂ ಅಕ್ಕಿಯ ಲೆಕ್ಕದ ಸ್ವರದಲ್ಲೇ ಬರೆಯುತ್ತಾನೆ. ಸತ್ತ ಧೋಂಡಿಯಾನ ಎಳೆಯ ಮಗ ಸಲಾಬತ್ ಖಾನನನ್ನು ಸಾಕಿದ್ದು ನಿಜ. ಅದು ಒಬ್ಬ ಹುಡುಗನ ಮಟ್ಟಿಗೆ. ದಂಡಿಗೆ ಉಣ್ಣಿಸುವುದರಲ್ಲಿ ಈತನನ್ನು ಮೀರಿಸುವವರಿರಲಿಲ್ಲ, ಆದರೆ ಉಣ್ಣಿಸಿದ ನಾಡು ಆತನಿಗೆ ಬರೀ ಉಗ್ರಾಣ.

ಆತನ ಮೇಲಿನವರಿಗೆ ಅಷ್ಟೂ ತಿಳಿಯಲಿಲ್ಲ. ಆಮೇಲೆ ಮೈಸೂರು ಸರ್ಕಾರದ ಕೈಗೆ ಹೋದ ಹಿಂಡು ಅಲ್ಲಿ ಸೊರಗಿತೆಂದು 1813ರಲ್ಲಿ ಕ್ಯಾಪ್ಟನ್ ಹಾರ್ವೆಗೆ ಒಪ್ಪಿಸಿದರು, ತಳಿ ಚೇತರಿಸಿಕೊಂಡಿತು. 1860ರಲ್ಲಿ ಖರ್ಚು ಉಳಿಸಲು ಮದರಾಸು ಸರ್ಕಾರ ಹಿಂಡನ್ನು ಮಾರಿಹಾಕಿತು. ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರಿಗೆ ಮರಳಿತು. ಆಮೇಲೆ ಕಾವಲುಗಳನ್ನು ಕರಗಿಸಿದ್ದು ನಾವೇ, ಅದಕ್ಕೆ ಇಂಗ್ಲಿಷರನ್ನು ದೂರಲಾಗದು.

1799ರಿಂದ 1804ರವರೆಗಿನ ಈ ಕಾಗದಗಳನ್ನು ಯಾರಾದರೂ ಆರಿಸಿ ಕನ್ನಡಕ್ಕೆ ತರಬೇಕು. ತರುವವರು ಕದನದ ವರದಿಗಳನ್ನು ಬೇಕಾದರೆ ಬಿಡಲಿ, ಅವು ಬೇರೆ ಕಡೆ ಸಿಗುತ್ತವೆ. ಎತ್ತಿನ ಪುಟಗಳನ್ನು ಮಾತ್ರ ಬಿಡಬಾರದು.